ವಿಭೂತಿ ಡಬ್ಬಿಯ ಗುಳಿಗೆ

ನಾನು ಗುಳಿಗೆ ನುಂಗುತ್ತಿದ್ದೆ. ದೇವರ ಜಗಲಿಯ ಮುಂದೆ ಕುಳಿತು, ವಿಭೂತಿ ಡಬ್ಬಿಯೊಳಗಿಂದ ತೆಗೆದು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನುಂಗುತ್ತಿದ್ದೆ. ಆಮೇಲೆ ಹಣೆಯ ಮೇಲೆ ಮೂರು ಬೆರಳು ಎಳೆದುಕೊಂಡು ಹೊರಗೆ ಬಂದು, ನನಗೆ ಗುಣವಾದದ್ದು ಪೂಜೆಯಿಂದ ಎನ್ನುತ್ತಿದ್ದೆ. ಆ ಮಾತು ನಂಬಿ ನನ್ನ ನೆಗೆಣ್ಣಿ ಗಿರಿಜಾ — ಮೈದುನ ಅಮರೇಶನ ಹೆಂಡತಿ — ತನ್ನ ಗುಳಿಗೆ ಬಿಟ್ಟಳು. ಅದರಿಂದ ಮನೆ ಕಳೆದುಕೊಂಡಳು, ಹೆತ್ತ ಮಗಳನ್ನು ಕಳೆದುಕೊಂಡಳು. ಆ ಮಗಳು ಬೆಳೆದದ್ದು ನನ್ನ ಮಡಿಲಲ್ಲಿ.

ಇಷ್ಟು ಬರೆಯಲು ಹತ್ತು ವರ್ಷ ಹಿಡಿಯಿತು. ಬರೆದದ್ದನ್ನು ಓದಿದರೆ ಕೈ ತೊಳೆದುಕೊಳ್ಳಬೇಕು ಎನಿಸುತ್ತದೆ.

ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ — ಅದನ್ನು ಎಷ್ಟೋ ಸಲ ಹಿಡಿದಿದ್ದೇನೆ. ಆದ್ದರಿಂದ ಯಾವುದು ನನಗೆ ಹೆಚ್ಚು ಅಸಹ್ಯವೋ ಅದನ್ನೇ ನಿಜ ಎಂದು ತೆಗೆದುಕೊಂಡು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ಎಂ.ಎ. ಮುಗಿಸಿ ಸಿಂಧನೂರಿಗೆ ಸೊಸೆಯಾಗಿ ಬಂದಿದ್ದೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಗಂಡನದು ಬೀಜ-ಗೊಬ್ಬರದ ಅಂಗಡಿ. ಮೊದಲ ಕೂಸು ಹುಟ್ಟಿದ ದಿನವೇ ತೀರಿಕೊಂಡಿತು. ಅತ್ತಿದ್ದರೆ ಜನರಿಗೆ ಅರ್ಥವಾಗುತ್ತಿತ್ತು. ನನಗೆ ಅಳುವೇ ಬರಲಿಲ್ಲ. ಹಾಲು ಉಕ್ಕಿ ಒಲೆಗೆ ಸುರಿಯುತ್ತಿದ್ದರೆ ನೋಡುತ್ತ ನಿಂತಿರುತ್ತಿದ್ದೆ — ಪಾತ್ರೆ ಇಳಿಸಬೇಕೆಂದು ಗೊತ್ತು, ಇಳಿಸುವವಳು ಯಾರೆಂದು ಗೊತ್ತಿಲ್ಲ. ಕಾಲೇಜು ಬಿಟ್ಟೆ. ತಲೆ ಬಾಚಿಕೊಳ್ಳುವುದು ಬಿಟ್ಟೆ. ಓಣಿಯ ಹೆಂಗಸರು ನನ್ನೆದುರಿಗೆ ಬಂದರೆ ಮಕ್ಕಳನ್ನು ಸೆರಗಿಗೆ ಎಳೆದುಕೊಳ್ಳುತ್ತಿದ್ದರು. "ಬುಕ್ ಓದಿ ಓದಿ ತಲಿ ಕೆಡಿಸ್ಕೊಂಡಾಳ ಬಿಡ್ರಿ" ಎಂದು ಒಬ್ಬಾಕೆ ಅಂದದ್ದು ಕಿಟಕಿಯಿಂದ ಕೇಳಿತ್ತು.

ಅಂಗಡಿಗೆ ಮಾಲು ತರುವ ನೆಪ ಹೇಳಿ ಗಂಡ ನನ್ನನ್ನು ರಾಯಚೂರಿಗೆ ಕರೆದೊಯ್ದ. ಅಲ್ಲಿಯ ಡಾಕ್ಟರು ನನ್ನ ಮಾತು ಮುಗಿಯುವ ತನಕ ಕೇಳಿದರು. ಇದಕ್ಕೆ ಖಿನ್ನತೆ ಎನ್ನುತ್ತಾರೆ, ಇದು ಹುಚ್ಚಲ್ಲ ಎಂದರು. ಚೀಟಿ ಬರೆದ ಮೇಲೆ ಅವರು ಹೇಳಿದ್ದು ಪಾಠದ ಹಾಗೆ ಬಾಯಿಪಾಠವಿದೆ.

"ಗುಳಿಗಿ ಕೆಲಸ ಮಾಡಾಕ ಎರಡು-ಮೂರು ವಾರ ಹಿಡೀತೈತ್ರಿ. ಏನೂ ಆಗವಲ್ದು ಅಂತ ನಡುವ ಬಿಡಬ್ಯಾಡ್ರಿ. ಆರಾಮ ಆತು ಅಂತನೂ ಒಮ್ಮೆಗೇ ಬಿಡಬ್ಯಾಡ್ರಿ, ನಾ ಇಳಿಸ್ಕೋತ ಬಿಡಿಸ್ತೀನಿ. ನಿಮ್ಮ ಗುಳಿಗಿ ಮತ್ತೊಬ್ಬರಿಗೆ ಕೊಡಬ್ಯಾಡ್ರಿ. ಜೀವ ಬ್ಯಾಡ ಅನಿಸಿದ್ರ ಮುಚ್ಚಿಡಬ್ಯಾಡ್ರಿ, ಅವತ್ತೇ ಬರ್ರಿ. ಮತ್ತ ಹುಡುಗರ ಕೈಗಂತೂ ಸಿಗಲೇಬಾರದು."

ಎಲ್ಲಕ್ಕೂ ತಲೆಯಾಡಿಸಿದೆ. ಬಸ್ಸಿನಲ್ಲಿ ಗಂಡ ಹೇಳಿದ: "ಮನ್ಯಾಗ ಗೊತ್ತಾಗೂದು ಬ್ಯಾಡ. ಅವ್ವಗ ಗೊತ್ತಾದ್ರ ಊರಿಗೆಲ್ಲ ಗೊತ್ತಾತು ಅಂತ ತಿಳಿ." ಅದಕ್ಕೂ ತಲೆಯಾಡಿಸಿದೆ.

ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಪೂಜೆಯ ಸಾಮಾನು ಅವರವರದು. ನನ್ನ ವಿಭೂತಿ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಅತ್ತೆ ಆಗಲೇ ನನ್ನ ಸಲುವಾಗಿ ಹರಕೆ ಹೊತ್ತು, ಸಂಜೆ ಮುಂಜಾನೆ ನನ್ನನ್ನು ಪೂಜೆಗೆ ಕೂರಿಸುತ್ತಿದ್ದಳು. ಹೀಗಾಗಿ ಗುಳಿಗೆ ಆ ಡಬ್ಬಿ ಸೇರಿತು. ಮೂರನೆಯ ವಾರವೋ, ನಾಲ್ಕನೆಯದೋ — ಒಂದು ಬೆಳಿಗ್ಗೆ ಹಾಲು ಉಕ್ಕುವ ಮೊದಲೇ ಪಾತ್ರೆ ಇಳಿಸಿದ್ದೆ. ಇಳಿಸಿದ ಮೇಲೆ ಗೊತ್ತಾಯಿತು, ಇಳಿಸಿದವಳು ನಾನು ಎಂದು.

ಅತ್ತೆಯ ಹಿಗ್ಗು ಹೇಳತೀರದು. "ನೋಡ್ರಿ ನಮ್ಮ ದೊಡ್ಡಾಕಿನ್ನ. ಪೂಜಿಗೆ ಕುಂದ್ರಿಸಿದೆ, ಎದ್ದು ಓಡಾಡಾಕತ್ತಾಳ. ಡಾಕ್ಟರಿಲ್ಲ, ದವಾಖಾನಿ ಇಲ್ಲ" ಎಂದು ಬಂದವರಿಗೆಲ್ಲ ಹೇಳಿದಳು. ಪೂಜೆಯಲ್ಲಿ ದೋಷವಿರಲಿಲ್ಲ, ಆ ಹೊತ್ತು ಸುಮ್ಮನೆ ಕೂರುವುದು ನನಗೆ ಹಿತವಾಗಿಯೇ ಇತ್ತು. ಅದಕ್ಕೆ ಸುಳ್ಳು ಹಚ್ಚಿದವಳು ನಾನು. ಸೋಮವಾರ ಪಕ್ಕದ ಹಳ್ಳಿ ಗೊರೇಬಾಳದಿಂದಲೂ ಹೆಂಗಸರು ಬರತೊಡಗಿದರು. ಮಕ್ಕಳನ್ನು ಸೆರಗಿಗೆ ಎಳೆದುಕೊಂಡಿದ್ದ ಅವೇ ಕೈಗಳು ಈಗ ಅವೇ ಮಕ್ಕಳನ್ನು ನನ್ನ ಮುಂದೆ ತಳ್ಳಿ, "ತಲಿ ಮ್ಯಾಲ ಕೈ ಇಡ್ರಿ ಅಕ್ಕಾರ" ಎನ್ನುತ್ತಿದ್ದವು. ನಾನು ಇಡುತ್ತಿದ್ದೆ. ಬೇಸರದಿಂದ ಅಲ್ಲ. ಖುಷಿಯಿಂದ.

ಅಷ್ಟರಲ್ಲಿ ಗಿರಿಜಾ ಹೆತ್ತಳು. ಮಸ್ಕಿಯ ಹಿಟ್ಟಿನ ಗಿರಣಿಯವರ ಮಗಳು, ಮಾತಿನ ಮಲ್ಲಿ. ಹೆಣ್ಣುಕೂಸು, ನೀಲಾ ಎಂದು ಹೆಸರಿಟ್ಟರು. ಬಾಣಂತನ ಮುಗಿಸಿ ಬಂದ ಗಿರಿಜಾಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು — ಆ ಮುಖವನ್ನು ನಾನು ಕನ್ನಡಿಯಲ್ಲಿ ಕಂಡಿದ್ದೆ. ನಾನು ಬಾಯಿ ಬಿಡಲಿಲ್ಲ. ಅವಳ ಅಣ್ಣ ಬಸವರಾಜನೇ ಬಂದು, ಲಿಂಗಸುಗೂರಿನ ಡಾಕ್ಟರ ಹತ್ತಿರ ಕರೆದೊಯ್ದ. ಕೂಸಿಗೆ ಹಾಲೂಡಿಸುವವಳು ಎಂಬುದನ್ನು ನೋಡಿಯೇ ಅವರು ಗುಳಿಗೆ ಬರೆದುಕೊಟ್ಟಿದ್ದರು. ಅವಳು ಮುಚ್ಚುಮರೆಯಿಲ್ಲದೆ, ಊಟವಾದ ಮೇಲೆ ಎಲ್ಲರೆದುರು ನುಂಗುತ್ತಿದ್ದಳು. ತಿಂಗಳು ಕಳೆಯುವುದರೊಳಗೆ ಒಂದು ಮುಂಜಾನೆ ಅಡಿಗೆಮನೆಗೆ ಬಂದು, "ಅಕ್ಕಾರ, ನಿಮ್ಮ ಮೈದುನ ಗೊರಕಿ ಹೊಡೀತಾನಲ್ರಿ! ಇಷ್ಟು ದಿನ ಕೇಳಿಸೇ ಇದ್ದಿಲ್ಲ. ನನಗ ಕಿವಿ ಹೊಳ್ಳಿ ಬಂದಾವ ನೋಡ್ರಿ" ಎಂದು ನಕ್ಕಳು.

ಆ ನಗು ಕೇಳಿ ನನಗೆ ಸಂತೋಷವಾಯಿತೇ? ಆಯಿತು ಎಂದು ಬರೆಯಲು ಕೈ ಹೋಗುತ್ತದೆ. ತಡೆಯುತ್ತೇನೆ.

ಅತ್ತೆಗೆ ಗುಳಿಗೆ ಕಂಡರೆ ಆಗುತ್ತಿರಲಿಲ್ಲ. "ಹಾಲೂಡ್ಸಾಕಿ ಗುಳಿಗಿ ಯಾಕ ನುಂಗಬೇಕಬೇ? ನಿಮ್ಮಕ್ಕನ್ನ ಕೇಳು, ಅಕಿ ಒಂದರ ನುಂಗಿದ್ಲೇನು?" ಎಂದು ದಿನಾ ಚುಚ್ಚುತ್ತಿದ್ದಳು. ಒಂದು ದಿನ ಮಾಳಿಗೆಯ ಮೇಲೆ ಇಬ್ಬರೇ ಶಾವಿಗೆ ಒಣಹಾಕುತ್ತಿದ್ದಾಗ ಗಿರಿಜಾ ಕೇಳಿಯೇಬಿಟ್ಟಳು.

"ಅಕ್ಕಾರ, ಖರೇ ಹೇಳ್ರಿ. ನೀವು ಗುಳಿಗಿ ತಗೊಂಡಿದ್ದಿಲ್ಲೇನ್ರಿ?"

ಅತ್ತೆ ಅಲ್ಲಿರಲಿಲ್ಲ. ಗಂಡ ಇರಲಿಲ್ಲ. ನನ್ನ ಬಾಯಿ ಮುಚ್ಚುವವರು ಯಾರೂ ಇರಲಿಲ್ಲ.

"ನನಗ ಬೇಕಾಗಲಿಲ್ಲ."

ಎಷ್ಟೋ ವರ್ಷ ನಾನು ಇದನ್ನು ಬೇರೆ ತರಹ ನೆನಪಿಟ್ಟುಕೊಂಡಿದ್ದೆ — 'ದೇವರು ಕೈ ಹಿಡಿದ' ಎಂದಷ್ಟೇ ಅಂದೆ, ಅದು ಸುಳ್ಳೇನಲ್ಲ ಎಂದು. ಅಲ್ಲ. ನಾನು ಅಂದದ್ದು ಈ ಎರಡೇ ಶಬ್ದ. ಆ ದಿನದ ದಿನಚರಿಯಲ್ಲಿ 'ಗಿರಿಜಾಗೆ ಧೈರ್ಯ ಹೇಳಿದೆ' ಎಂದು ಬರೆದಿದ್ದೇನೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆಯುವವಳನ್ನು ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ.

ಅವಳು ಗುಳಿಗೆಯನ್ನೆಲ್ಲ ಕಾಲುವೆಗೆ ಚೆಲ್ಲಿ ಬಂದಳು. ಒಮ್ಮೆಗೇ. ಮೊದಲು ವಾಂತಿ, ತಲೆಸುತ್ತು, ನಿದ್ದೆಯಿಲ್ಲದ ಕಣ್ಣು. ಆಮೇಲೆ ಆ ಹಳೆಯ ಮುಖ ತಿರುಗಿ ಬಂತು, ಮೊದಲಿಗಿಂತ ಕಪ್ಪಾಗಿ. ನಾನು ನೋಡುತ್ತಿದ್ದೆ. ಡಾಕ್ಟರ ಮಾತು ನನಗೆ ಬಾಯಿಪಾಠವಿತ್ತು, ಅದರಲ್ಲಿ ಒಂದನ್ನೂ ಅವಳಿಗೆ ಹೇಳಲಿಲ್ಲ. ಸಂಜೆ ಪೂಜೆಗೆ ಕೂತು ನನ್ನ ಗುಳಿಗೆ ನಾನು ನುಂಗಿದೆ.

ಒಂದು ಮಧ್ಯಾಹ್ನ ಗಿರಿಜಾ ಕೂಸನ್ನು ಮಾಳಿಗೆಯ ಬಿಸಿಲಲ್ಲಿ ಬಿಟ್ಟು ಕೆಳಗೆ ಬಂದು ಮಲಗಿಬಿಟ್ಟಳು. ಕೂಸು ಅತ್ತು ಅತ್ತು ಗಂಟಲು ಬಿದ್ದ ಮೇಲೆ ಓಣಿಯವರು ಕೂಗಿ ಹೇಳಿದರು. ಆ ವಾರವೇ ಹಿರಿಯರು ಕೂಡಿ ತೀರ್ಮಾನ ಮಾಡಿದರು: ಇವಳು ಮಸ್ಕಿಗೆ ಹೋಗಲಿ, ಕೂಸು ಇಲ್ಲೇ ಇರಲಿ. ಅಮರೇಶ ನೆಲ ನೋಡುತ್ತ ಕೂತಿದ್ದ. ಕೂಸನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಅದಾಗಲೇ ನನ್ನ ತೊಡೆಯ ಮೇಲಿತ್ತು.

ಕೂಸಿಗಾಗಿಯೇ ನಾನು ಆ ಸುಳ್ಳು ಹೇಳಿದೆನೇ? ಮಾಳಿಗೆಯ ಮೇಲೆ ಆ ಎರಡು ಶಬ್ದ ಆಡುವಾಗ — ಇಲ್ಲ ಎಂದು ಪ್ರಮಾಣ ಮಾಡಲಾರೆ. ಹೌದು ಎಂದು ಹೇಳಲೂ ನೆನಪು ಬಿಡುವುದಿಲ್ಲ. ಆದರೆ ಮುಂದಿನದಕ್ಕೆ ಆ ಅನುಮಾನವೂ ಇಲ್ಲ.

ವರ್ಷದ ಮೇಲೆ ಗಿರಿಜಾ ಅಣ್ಣನ ಜೊತೆ ಬಂದಳು. ಗಟ್ಟಿಯಾಗಿದ್ದಳು, ಕಣ್ಣಲ್ಲಿ ಜೀವ ಇತ್ತು. ನಡುಮನೆಯಲ್ಲಿ ನಿಂತು ತಾನೇ ಮಾತಾಡಿದಳು: "ಅತ್ತಿ, ಲಿಂಗಸುಗೂರಿನ ಡಾಕ್ಟರು ಮತ್ತ ಗುಳಿಗಿ ಕೊಟ್ಟಾರ. ತಪ್ಪದಂಗ ತಗೊಳ್ಳಾಕತ್ತೀನಿ. ಆರಾಮ ಅದೀನಿ. ನನ್ನ ಕೂಸು ನನಗ ಕೊಡ್ರಿ."

"ಗುಳಿಗಿ ಮ್ಯಾಲ ನಿಂತಾಕಿ ಕೈಯಾಗ ಕೂಸು ಹೆಂಗ ಕೊಡ್ಲಿ ತಮ್ಮಾ?" ಅತ್ತೆ ಅವಳಿಗಲ್ಲ, ಅವಳ ಅಣ್ಣನಿಗೆ ಹೇಳಿದಳು. "ಗುಳಿಗಿ ತೀರಿದ ದಿನ ಏನ್ ಮಾಡ್ತಾಳೋ ಯಾರಿಗ್ಗೊತ್ತು? ಇಕಿನ್ನ ನೋಡು, ನಮ್ಮ ದೊಡ್ಡಾಕಿನ್ನ. ಒಂದು ಗುಳಿಗಿ ಮುಟ್ಟಲಾರದ ಹೆಂಗ ಆಗ್ಯಾಳ."

"ಜ್ವರದ ಗುಳಿಗಿ ನುಂಗಿದಾಕಿ ಕೈಯಾಗಿನ ಕೂಸು ಯಾರರ ಕಸ್ಕೋತಾರೇನ್ರಿ ಅತ್ತಿ?" ಎಂದ ಬಸವರಾಜ.

ಗಿರಿಜಾ ಅವರಿಬ್ಬರನ್ನೂ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.

ಒಂದು ಮಾತು ಸಾಕಾಗಿತ್ತು. 'ಅತ್ತಿ, ನಾನೂ ಅದೇ ಗುಳಿಗಿ ತಗೋತೀನಿ.' ಇಷ್ಟು ಅಂದಿದ್ದರೆ, ಕೂಸನ್ನು ಅವಳಿಗೆ ಕೊಡಬಾರದು ಎನ್ನಲು ಯಾರ ಹತ್ತಿರವೂ ಕಾರಣ ಉಳಿಯುತ್ತಿರಲಿಲ್ಲ. ಅಂದು ಮುಂಜಾನೆಯ ಪೂಜೆಯಲ್ಲಿ ಡಬ್ಬಿ ತೆರೆದಾಗ ಗುಳಿಗೆ ನನ್ನ ಬೆರಳಿಗೆ ತಗಲಿತ್ತು. ನಾನು ಕೂಸಿನ ಅಂಗಿ ಸರಿಮಾಡಿದೆ. ಗಿರಿಜಾ ಹತ್ತಿರ ಬಂದು ಕೈ ಚಾಚಿದಳು. ನೀಲಾ ಗುರುತು ಸಿಗದೆ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನೋಡಿದ್ಯಾ, ಕೂಸಿಗೇ ಗೊತ್ತೈತಿ" ಎಂದಳು ಅತ್ತೆ. ಆಗ ನನ್ನೊಳಗೆ ಎದ್ದದ್ದು ನಾಚಿಕೆಯಲ್ಲ — ಗೆದ್ದೆ ಎಂಬ ಒಂದು ಬಿಸಿ.

ಗಿರಿಜಾಳ ಕೈಯಲ್ಲಿ ಕೂಸಿಗೆ ಅಪಾಯ ಎಂದರಲ್ಲ — ಅಪಾಯ ನಮ್ಮ ಮನೆಯಲ್ಲೇ ಇತ್ತು. ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ನೀಲಾ ಜಗಲಿಯ ಮುಂದೆ ಕೂತಿದ್ದಳು, ಡಬ್ಬಿ ತೆರೆದಿತ್ತು, ಮುಖವೆಲ್ಲ ವಿಭೂತಿ. ಬಾಯಲ್ಲಿ ಏನೋ ಚೀಪುತ್ತಿದ್ದಳು. ಬೆರಳು ಹಾಕಿ ತೆಗೆದೆ. ಕೆಂಪು ಗುಳಿಗೆಯ ಸಿಹಿ ಲೇಪವೆಲ್ಲ ಹೋಗಿ ಬೆಳ್ಳಗಾಗಿತ್ತು. ಬೇರೆ ಯಾವುದನ್ನಾದರೂ ನುಂಗಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ದವಾಖಾನೆಗೆ ಓಡಬೇಕಿತ್ತು. ಓಡಿದರೆ ಯಾವ ಗುಳಿಗೆ ಎಂದು ಕೇಳುತ್ತಾರೆ. ಓಡಲಿಲ್ಲ. ಅವಳ ಉಸಿರು ನೋಡುತ್ತ ಸಂಜೆಯ ತನಕ ಕೂತೆ — ಒಂದು ಕೂಸಿನ ಜೀವಕ್ಕಿಂತ ನನ್ನ ಗುಟ್ಟು ದೊಡ್ಡದು ಎಂದು ಅಷ್ಟು ಹೊತ್ತೂ ಆರಿಸಿಕೊಳ್ಳುತ್ತ ಕೂತೆ. ಅತ್ತೆ ಬೂದಿ ಬಡಿದ ಮುಖ ನೋಡಿ "ನಮ್ಮ ಸಣ್ಣ ಸ್ವಾಮಿ ಬಂದಾನ" ಎಂದು ನಕ್ಕಳು. ನಾನೂ ನಕ್ಕೆ. ನೀಲಾಗೆ ಏನೂ ಆಗಲಿಲ್ಲ. ಅದರಲ್ಲಿ ನನ್ನದೇನೂ ಇಲ್ಲ.

ಮುಂದೆ ರಾಯಚೂರಿನ ಡಾಕ್ಟರು ಹೇಳಿದ ಹಾಗೇ ಇಳಿಸುತ್ತ ಇಳಿಸುತ್ತ ನನ್ನ ಗುಳಿಗೆ ನಿಂತಿತು. ನನ್ನ ಮಟ್ಟಿಗೆ ಎಲ್ಲವನ್ನೂ ಸರಿಯಾಗಿ ಪಾಲಿಸಿದವಳು ನಾನು. ಅಮರೇಶ ಮರುಮದುವೆಯಾಗಿ ಬೇರೆ ಊರಿಗೆ ಹೋದ. ಅತ್ತೆ ಹೋದ ವರ್ಷ ತೀರಿಕೊಂಡಳು, ನನ್ನನ್ನು ಪುಣ್ಯವಂತೆ ಎಂದು ಕರೆಯುತ್ತಲೇ.

ಈ ಬೇಸಿಗೆಯಲ್ಲಿ ನೀಲಾ ಶಾಲೆಯಲ್ಲಿ ಯಾರದೋ ಜೊತೆ ಜಗಳವಾಡಿಕೊಂಡು ಬಂದಳು. ಹೆತ್ತವಳು ಮಸ್ಕಿಯಲ್ಲಿದ್ದಾಳೆ ಎಂದು ಅವಳಿಗೆ ಗೊತ್ತಿದೆ. ನಾವು ತಿಳಿಸಿದ್ದು ಅಷ್ಟೇ. ಪಾಟಿಚೀಲ ಎಸೆದು ಕೇಳಿದಳು: "ಅಕಿ ಹುಚ್ಚಿ ಅಲ್ಲೇನವ್ವ? ಗುಳಿಗಿ ನುಂಗ್ತಿದ್ಲಂತ." 'ಗುಳಿಗಿ' ಎನ್ನುವಾಗ ಅವಳ ತುಟಿ ಸೊಟ್ಟಗಾಯಿತು, ಹೊಲಸು ಕಂಡವರ ಹಾಗೆ. ಆ ಹೇಸಿಗೆಯನ್ನು ಅವಳಿಗೆ ನಾನೇ ಕಲಿಸಿದ್ದೆ, ಒಂದು ಮಾತೂ ಆಡದೆ.

ಮರುದಿನವೇ ಮಸ್ಕಿಗೆ ಹೋದೆ. ಗಿರಿಜಾ ಗಿರಣಿಯಲ್ಲಿದ್ದಳು, ರೆಪ್ಪೆಯ ಮೇಲೂ ಜೋಳದ ಹಿಟ್ಟು. ನನ್ನನ್ನು ಕಂಡು ಮಷೀನು ನಿಲ್ಲಿಸಿದಳು. ಎಲ್ಲ ಹೇಳಿದೆ. ಅವಳು ಹಿಟ್ಟು ಜರಡಿಯಾಡುತ್ತಲೇ ಕೇಳಿದಳು.

"ನನಗ ಗೊತ್ತಿತ್ರಿ ಅಕ್ಕಾರ," ಎಂದಳು. "ಅವತ್ತ ಕೂಸು ಕೇಳಾಕ ಬಂದಾಗ ನೋಡಿದೆ. ಗಳಿಗಿಗೊಮ್ಮೆ ನೀರು ಕುಡ್ಯಾಕತ್ತಿದ್ರಿ, ನಾಲಿಗಿ ತುಟಿಗೆ ಅಂಟಾಕತ್ತಿತ್ತು. ಆ ಗುಳಿಗಿ ಬಾಯಿ ಒಣಗಸೂದು ನನಗ ಹೊಸದೇನ್ರಿ?"

"ಮತ್ತ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ಹುಚ್ಚಿ ಮಾತು. ನೀವು ಹೇಳ್ತೀರಿ ಅಂತ ಕಾದೆ." ಜರಡಿ ಕೆಳಗಿಟ್ಟಳು. "ಈಗ ಹುಡುಗಿನ್ನ ಕೊಡ್ರಿ ಅನ್ನಂಗಿಲ್ಲ. ಅಕಿ ಎರವಲ ಒಯ್ದ ಸೀರಿ ಅಲ್ಲ, ಹೊಳ್ಳಿ ಕೊಡಾಕ. ನಾ ಗುಳಿಗಿ ನುಂಗಿದಾಕಿ ಅಂತ ಅಕಿಗೆ ಗೊತ್ತೈತಿ. ನೀವೂ ನುಂಗಿದಾಕಿ ಅಂತ ಗೊತ್ತಿಲ್ಲ. ಅದೊಂದು ಹೇಳ್ರಿ. ಆಮ್ಯಾಲ ಅಕಿ ಏನ್ ಮಾಡ್ತಾಳ ಮಾಡ್ಲಿ."

ಕ್ಷಮೆಯ ಮಾತು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ — ಕೇಳಿದ್ದರೆ ಅದೂ ಅವಳಿಂದ ಕಸಿದುಕೊಂಡ ಹಾಗೆಯೇ.

ನೀಲಾಗೆ ಹೇಳಿದೆ. ಅವಳು ಅಳಲಿಲ್ಲ. "ಮತ್ತ ಅಕಿ ನನ್ನ ಕರಕೊಂಡು ಹೋಗಾಕ ಬಂದಾಗ ನೀ ಯಾಕ ಸುಮ್ಕ ಕುಂತಿ?" ಎಂದಳು. ಬಾಯಿಗೆ ಹಲವು ಉತ್ತರ ಬಂದವು — ಅತ್ತೆ, ಗಂಡ, ಊರು, ಭಯ. ಒಂದೂ ಸುಳ್ಳಲ್ಲ. ಅವನ್ನೆಲ್ಲ ಬಿಟ್ಟು, "ನೀ ನನಗ ಬೇಕಾಗಿದ್ದಿ" ಎಂದೆ.

ಇಂದು ಭಾನುವಾರ. ಮುಂಜಾನೆ ಅವಳು ತಾನು ಅಪ್ಪ ಎನ್ನುವ ನನ್ನ ಗಂಡನ ಜೊತೆ ಮಸ್ಕಿಯ ಬಸ್ಸು ಹತ್ತಿದ್ದಾಳೆ. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ "ನೀ ಬರಬ್ಯಾಡ" ಎಂದಳು. ಸಂಜೆಗೆ ಹಿಂದಿರುಗುವ ಮಾತಾಗಿತ್ತು. ಒಂದು ಜೊತೆ ಬಟ್ಟೆಯೂ ಬೇಕಿರಲಿಲ್ಲ. ಆದರೂ ಅವಳ ಬಟ್ಟೆಯನ್ನೆಲ್ಲ ಮಡಚಿ ಚೀಲದಲ್ಲಿಟ್ಟು ಗಂಡನ ಕೈಗೆ ಕೊಟ್ಟೆ — ಶಾಲೆಯ ಲಂಗವನ್ನೂ.