ಒಂದು ಗೇಣಿನ ಅಂತರ
ಗೋಡೆಯೊಳಗಿನ ಪೈಪು ಸೋರಿ ಬಾಡಿಗೆದಾರರ ಸಾಮಾನು ನೆನೆದರೆ, ಮನೆ ಮಾಲೀಕರು ಪೈಪಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ; ಗೋಡೆಗೂ ಸಾಮಾನಿಗೂ ನಡುವೆ ಬೆರಳು ಚಾಚಿ ಅಳೆಯುತ್ತಾರೆ. "ಒಂದು ಗೇಣು ಬಿಟ್ಟಿಡಿ ಅಂತ ಬಡ್ಕೊಂಡೆ. ಗೋಡೆಗೇ ಅಂಟಿಸಿದ್ರೆ ನಾನೇನ್ ಮಾಡ್ಲಿ?" ಅಲ್ಲಿಗೆ ತೀರ್ಪು ಮುಗಿಯಿತು. ಹಾಸಿಗೆ, ಬೀರು, ಹೊಲಿಗೆ ಯಂತ್ರ ಯಾವುದು ಕೆಟ್ಟರೂ ತಪ್ಪು ಇಟ್ಟವರದೇ; ಮಗುವಿನ ತೊಟ್ಟಿಲನ್ನೂ ಅವರು ಅಳೆಯದೆ ಬಿಟ್ಟವರಲ್ಲ. ಮೊನ್ನೆ ಕೆಳಮನೆಯ ಟೀಚರಮ್ಮನ ಪೆಟ್ಟಿಗೆಗೆ ನೀರಿಳಿದು, ತೀರಿಹೋದ ಗಂಡ ಬರೆದಿದ್ದ ಕಾಗದಗಳೆಲ್ಲ ತೊಯ್ದವು. ಮಾಲೀಕರು ಅಳೆದರು. ಸರಿಯಾಗಿ ಒಂದು ಗೇಣು. ಇನ್ನೊಂದು ಕೈಯಲ್ಲೂ ಅಳೆದರು. "ನೀವು ಹೇಳಿದ್ಹಾಗೇ ಇಟ್ಟಿದ್ದೆ," ಎಂದರು ಟೀಚರಮ್ಮ. ಮಾಲೀಕರು ಪೆಟ್ಟಿಗೆಯನ್ನು ತಮ್ಮ ಮನೆಗೆ ಹೊತ್ತೊಯ್ದು, ಕೋಣೆಯಲ್ಲಿ ಹಗ್ಗ ಕಟ್ಟಿ, ಒಂದೊಂದೇ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಅವು ಒಣಗುವವರೆಗೂ ಅವಕ್ಕೆ ಬೆನ್ನು ಮಾಡಿ ಕೂತರು. "ಈ ಕಡೆ ತಿರುಗಿ ಕೂತು ಕಾಯ್ಬಾರ್ದಾ?" ಎಂದ ಹೆಂಡತಿಗೆ ಮೆಲ್ಲಗೆ ಹೇಳಿದರು: "ಅದು ನಮಗೆ ಬರೆದದ್ದಲ್ಲ ಕಣೇ."