ಎರಡನೇ ಚರಣ

ವಾಡಿಯ ನಮ್ಮ ಸಿಮೆಂಟ್ ಕಾರ್ಖಾನೆಗೆ ಹೊಸ ಮಷೀನು ಕೂಡಿಸಲು ಅಮೆರಿಕದಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ದುಭಾಷಿ ಕೆಲಸ ನನಗೆ ಬಿತ್ತು. ಒಂದು ಸಂಜೆ ಅವರನ್ನು ಕಾಲನಿಯ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದೆ. ಅಧ್ಯಕ್ಷ ರಾಚಪ್ಪನವರು ಅವರಿಗೆ ಶಾಲು ಹೊದಿಸಿದರು.

ತಾನೂ ಒಬ್ಬ ಅಧ್ಯಕ್ಷ ಎಂದರು ಎಂಜಿನಿಯರ್. ಅವರ ಅಜ್ಜ ಸ್ಲೊವಾಕಿಯಾದಿಂದ ಅಮೆರಿಕದ ಕಲ್ಲಿದ್ದಲು ಗಣಿಗೆ ದುಡಿಯಲು ಹೋದವರಂತೆ. ಅಂಥವರ ಮೊಮ್ಮಕ್ಕಳೆಲ್ಲ ಸೇರಿ ಊರಲ್ಲಿ ಸ್ಲೊವಾಕ್ ಸಂಘ ನಡೆಸುತ್ತಾರೆ. ಕುಣಿತ ಇದೆ, ಹಾಡು ಇದೆ, ಊಟಕ್ಕೆ ಮಾತ್ರ ಎಲ್ಲರೂ ಬರುತ್ತಾರೆ.

“ಎಷ್ಟು ವರ್ಷ ಆತು ಅಧ್ಯಕ್ಷರಾಗಿ, ಕೇಳ್ರಿ,” ಎಂದರು ರಾಚಪ್ಪ.

ಹತ್ತೊಂಬತ್ತು.

“ನಂದು ಹನ್ನೊಂದು. ಬಿಡ್ತೀನಂದ್ರ ಬಿಡವಲ್ರು. ಇವರನ್ನ ಯಾಕ ಆರಿಸ್ಯಾರಂತ?”

ನಾನು ಕೇಳಿ ಹೇಳಿದೆ: “ಸಂಘದ ಹಾಡಿನ ಎರಡನೇ ಚರಣ ಇವರೊಬ್ಬರಿಗೇ ಬರ್ತದಂತ್ರಿ. ಇನ್ನೊಬ್ರು ಸಿಗೂತನಕ ಬಿಡುಗಡೆ ಇಲ್ಲಂತ.”

ರಾಚಪ್ಪ ಸಭೆಯಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.

ಕೊನೆಗೆ ನಮ್ಮ ಸಂಘದ ಗೀತೆ ಶುರುವಾಯಿತು. ಮೊದಲ ಚರಣಕ್ಕೆ ಸಭೆಯೆಲ್ಲ ದನಿಗೂಡಿಸಿತು. ಎರಡನೆಯದಕ್ಕೆ ಒಂದೇ ದನಿ ಉಳಿಯಿತು. ಪ್ರತಿ ಸಲ ಗಟ್ಟಿಯಾಗಿ ಹಾಡುವ ರಾಚಪ್ಪನವರೂ ಅವತ್ತು ಬಾಯಿ ಮುಚ್ಚಿದ್ದರು. ಉಳಿದ ದನಿ ನನ್ನದೆಂದು ಗೊತ್ತಾಗುವಷ್ಟರಲ್ಲಿ ನನ್ನ ಹೆಗಲ ಮೇಲೆ ಶಾಲು ಬಿದ್ದಿತ್ತು.

“ಇಲ್ಲಿ ಬಂದು ಕುಂದ್ರಿ, ಅಧ್ಯಕ್ಷರೇ,” ಎಂದರು ರಾಚಪ್ಪ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಎಂಜಿನಿಯರ್.

ಇದು ನಾಲ್ಕನೇ ವರ್ಷ. ಈಗ ಮೊದಲ ಚರಣ ಮುಗಿದ ಕೂಡಲೇ ನಾನೂ ಬಾಯಿ ಮುಚ್ಚಿಕೊಂಡು, ಯಾರ ತುಟಿ ಇನ್ನೂ ಆಡುತ್ತಿದೆ ಎಂದು ನೋಡುತ್ತೇನೆ.