ಬಾಯಿಗೆ ನೀರು ಬಿಟ್ಟವರ ಊರಿಗೆ

ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಬೀದರ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಆಗಲೇ ಏರಿತ್ತು. ತಿಪಟೂರು ಬಿಟ್ಟು ಮೂರನೆಯ ದಿನ. ಗುಂತಕಲ್ಲು, ವಾಡಿ ಎಂದು ಗಾಡಿಯಿಂದ ಗಾಡಿಗೆ ಹತ್ತಿ ಇಳಿದು, ನೆಲದ ಬಣ್ಣ ಕಪ್ಪಾಗಿ ಮತ್ತೆ ಕೆಂಪಾಗುವುದನ್ನು ನೋಡುತ್ತ ಬಂದಿದ್ದೆ. ನಮ್ಮ ಕಡೆಯವರಿಗೆ ಬೀದರವೆಂದರೆ ನಕಾಶೆಯ ತುದಿ. ಹಿಂದಿನ ವರ್ಷದವರೆಗೆ ಅದು ನಮ್ಮ ನಕಾಶೆಯಲ್ಲಿ ಇರಲೂ ಇಲ್ಲ. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಲ್ಲಿನ ಶಾಲೆಗಳಿಗೆ ಕನ್ನಡ ಕಲಿಸುವವರು ಬೇಕೆಂದಾಗ ನನ್ನ ತಮ್ಮ ನಂಜುಂಡ ತಾನಾಗಿ ಹೆಸರು ಕೊಟ್ಟು ಔರಾದಿಗೆ ಹೋದ. ಬೇಸಿಗೆಯ ಮೊದಲಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡ. ತಂತಿ ನಮ್ಮ ಕೈ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕರ್ಮಾಂತರಗಳು ಕಳೆದವು. ಅಮ್ಮ ಅಳುವುದನ್ನು ನಿಲ್ಲಿಸಿದರು, ಆದರೆ ಒಂದು ಮಾತನ್ನು ನಿಲ್ಲಿಸಲಿಲ್ಲ. "ಅವನ ಬಾಯಿಗೆ ನೀರು ಬಿಟ್ಟೋರು ಯಾರೋ? ಯಾರಾದ್ರೂ ಇದ್ರೋ, ಇಲ್ವೋ? ಅದೊಂದು ತಿಳ್ಕೊಂಡು ಬಾ." ಕೊನೆಯ ಗಳಿಗೆಯಲ್ಲಿ ತನ್ನವರು ಯಾರಾದರೂ ಬಾಯಿಗೆ ನೀರು ಬಿಡದಿದ್ದರೆ ಜೀವ ಬಾಯಾರಿಕೊಂಡೇ ಅಲೆಯುತ್ತದೆ ಎಂದು ನಮ್ಮ ಮನೆಯಲ್ಲಿ ನಂಬುತ್ತಾರೆ. ನಾನು ಪಾತ್ರೆ ಅಂಗಡಿಯವನು, ಓದಿದ್ದು ಕಡಿಮೆ. ನಂಬಿಕೆ ಸರಿಯೋ ತಪ್ಪೋ ಹೇಳಲಾರೆ. ಅಂಗಡಿಯನ್ನು ಭಾವನಿಗೆ ವಹಿಸಿ ಹೊರಟೆ.

ಸ್ಟೇಷನ್ನಿನ ಎದುರು ಒಂದು ಚಹಾ ಅಂಗಡಿ. ಕಾಫಿ ಇದೆಯೇ ಎಂದು ಕೇಳಿದೆ. ಅಂಗಡಿಯವನು ನನ್ನ ಪಂಚೆಯನ್ನೂ ಕೊಡೆಯನ್ನೂ ನೋಡಿದ. "ಕಾಫಿ ನಿಮ್ಮ ಕಡಿ ರಿ. ಈಗ ನಾವೂ ಮೈಸೂರಿನವ್ರೇ ಆಗೀವಿ, ಅದೂ ಹಿಂದಿಂದ ಬರ್ತದ. ಅಲ್ಲೀತನ ಚಾ ಕುಡೀರಿ." ಹಾಲಿನಲ್ಲೇ ಕುದಿಸಿದ ಗಟ್ಟಿ ಚಹಾ, ಒಂದಾಣೆ. ಸುತ್ತಲಿದ್ದವರೆಲ್ಲ ಅದನ್ನು ಬಶಿಗೆ ಸುರಿದು, ಊದಿ, ಸೊರ್ ಎಂದು ಎಳೆಯುತ್ತಿದ್ದರು. ನಾನು ಕಪ್ಪಿನಿಂದಲೇ ಕುಡಿದು ನಾಲಿಗೆ ಸುಟ್ಟುಕೊಂಡೆ. ಪಕ್ಕದ ಮುದುಕ ಏನೂ ಹೇಳದೆ ತನ್ನ ಬಶಿಯನ್ನು ಒರೆಸಿ ನನ್ನ ಮುಂದಿಟ್ಟ.

ಔರಾದಿಗೆ ಹೋಗುವ ಮುಂಚೆ ನಂಜುಂಡ ಕೆಲವು ದಿನ ಬೀದರದ ಹಳೆ ಊರಿನಲ್ಲಿ ಖಾದರ ಸಾಬರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಇದ್ದ. ಚೌಬಾರದ ಗೋಪುರದಿಂದ ಕೇಳಿಕೊಂಡು ಹೋದೆ. ಸಾಬರು ಅತ್ತರು ಮಾರುವವರು, ಬಿಳಿ ಗಡ್ಡ. ಯಾರೆಂದು ಹೇಳುವ ಮೊದಲೇ, "ಬೈಠೋ, ಬೈಠೋ. ಪೈಲೆ ಪಾನಿ" ಎಂದು ಕೂಡಿಸಿ ಮೊದಲು ನೀರು ಕೊಟ್ಟರು. ಕೋಣೆಯ ಮೂಲೆಯಲ್ಲಿ ಉದ್ದ ಕುತ್ತಿಗೆಯ ಮಣ್ಣಿನ ಸುರಾಹಿ ಇತ್ತು, ಮೈಯೆಲ್ಲ ಬೆವರಿತ್ತು. ಹಿತ್ತಾಳೆ, ತಾಮ್ರ, ಕಂಚಿನ ನಡುವೆಯೇ ಬೆಳೆದವನು ನಾನು. ಇಷ್ಟು ತಣ್ಣನೆಯ ನೀರನ್ನು ಯಾವ ಲೋಹದಲ್ಲೂ ಕುಡಿದಿರಲಿಲ್ಲ. ಹೊರಗೆ ಗೋಡೆ ಮುಟ್ಟಿದರೆ ಕೈ ಸುಡುತ್ತಿದ್ದ ಹೊತ್ತು ಅದು.

ನೀರು ಕುಡಿದ ಮೇಲೆ ಹೆಸರು ಹೇಳಿ, ನಂಜುಂಡನ ಅಣ್ಣ ಎಂದೆ. ಒಳಗಿನಿಂದ ಪರದೆಯ ಸಂದಿಯಲ್ಲಿ ಒಂದು ಕೈ ಶರಬತ್ತಿನ ಗ್ಲಾಸು ಚಾಚಿತು. ಕಾಮಕಸ್ತೂರಿ ಬೀಜಗಳು ನೆನೆದು ಕಣ್ಣು ಬಿಟ್ಟು ತೇಲುತ್ತಿದ್ದವು, ಗುಲಾಬಿಯ ವಾಸನೆ.

"ಇಲ್ಲಿಂದ ಹೋಗುವಾಗ ಛಲೋ ಇದ್ದ ರಿ ಮಾಸ್ತರ," ಎಂದರು ಸಾಬರು. "ನಮ್ಮಾಕಿಗಿ ಕನ್ನಡ ಅಕ್ಷರ ಕಲಸ್ತೇನಿ ಅಂತಿದ್ದ. ಈಕಿ ಪರದೆ ಹಿಂದ, ಅಂವ ಈ ಕಡಿ. ಹ್ಯಾಂಗ ಕಲಸ್ತಾನ ಅಂತ ನಾ ನಗ್ತಿದ್ದೆ."

ಪರದೆಯ ಹಿಂದಿನಿಂದ ದನಿ ಬಂತು. "ಅ ಆ ಇ ಈ ಬರ್ತದ ನನಗ. ನಿಮಗ ಅಷ್ಟೂ ಬರೂದಿಲ್ಲ."

ಅಮ್ಮನ ಪ್ರಶ್ನೆಯನ್ನು ಹೇಳಿದೆ. ನಗುತ್ತಾರೇನೋ ಎಂದು ಅಳುಕಿತ್ತು. ಸಾಬರು ತಲೆ ಆಡಿಸಿದರು. "ನಮ್ಮಲ್ಲೂ ಅದ ರಿ. ಜಾನ್ ಹೋಗುವಾಗ ಹತ್ತಿ ತೋಯಿಸಿ ಬಾಯಾಗ ಹನಿ ಹನಿ ಬಿಡ್ತೀವಿ. ಮೊಹರಂದಾಗ ಬಂದು ನೋಡ್ರಿ, ಓಣಿಗೊಂದು ಸಬೀಲು. ನೀರು, ಶರಬತ್ತು, ಬಂದವರಿಗಿ ಬಂದಷ್ಟು. ಯಾವ ಜಾತಿ ಅಂತ ಕೇಳೂದಿಲ್ಲ. ಯಾಕ ಗೊತ್ತೇನ್ರಿ? ಹಿಂದಕ ನಮ್ಮ ಹಿರ್‍ಯಾರು ಯುದ್ಧದಾಗ ನೀರು ಸಿಗದೆ ಸತ್ತರು. ನೀರಿಲ್ದ ಸತ್ತವರ ಹೆಸರಿನ್ಯಾಗ ನೀರು ಕೊಡ್ತೀವಿ."

ನಾನು ಗ್ಲಾಸು ಹಿಡಿದುಕೊಂಡೇ ಕೂತುಬಿಟ್ಟೆ. ಎಷ್ಟೋ ನೂರು ವರ್ಷಗಳ ಹಿಂದಿನ ಒಂದು ಬಾಯಾರಿಕೆಯನ್ನು ಜನ ಇನ್ನೂ ಮರೆತಿಲ್ಲ, ಪ್ರತಿ ವರ್ಷ ಹಾದಿಹೋಕರಿಗೆ ಕುಡಿಸುತ್ತಲೇ ಇದ್ದಾರೆ. ನಮ್ಮಮ್ಮ ತಿಪಟೂರಿನ ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದುದು ಅವರೊಬ್ಬರ ಪ್ರಶ್ನೆಯಲ್ಲ ಎಂದು ಆಗ ತಿಳಿಯಿತು.

ನಂಜುಂಡನ ಜೊತೆ ಔರಾದಿನ ಶಾಲೆಯಲ್ಲಿದ್ದ ಮಾಣಿಕರಾವ್ ಮಾಸ್ತರಿಗೆ ಈಗ ಭಾಲ್ಕಿಗೆ ವರ್ಗವಾಗಿದೆ, ಅವರನ್ನು ಕೇಳಿ ಎಂದರು ಸಾಬರು. ಸಂಜೆ ಅವರೇ ಊರ ತಗ್ಗಿನ ಝರೆಗೆ ಕರೆದುಕೊಂಡು ಹೋದರು. ಕೆಂಪು ಮುರಕಲ್ಲಿನ ಬಿರುಕಿನಿಂದ ನೀರು ಸದ್ದಿಲ್ಲದೆ ಬರುತ್ತಿತ್ತು. ಸಿಖ್ಖರು ಅದನ್ನು ತಮ್ಮ ಗುರುವಿನ ಪ್ರಸಾದವೆಂದು ತಲೆಗೊತ್ತಿಕೊಂಡು ಕುಡಿಯುತ್ತಾರೆ. ಪಕ್ಕದಲ್ಲೇ ಊರ ಹೆಂಗಸರು ಕೊಡ ತುಂಬುತ್ತಿದ್ದರು. ಅಷ್ಟು ಒಣಗಿದ ಗುಡ್ಡದ ಹೊಟ್ಟೆಯಲ್ಲಿ ಅಷ್ಟು ಸಿಹಿನೀರು ಹೇಗೆ ಉಳಿದಿತ್ತೋ. ಬೊಗಸೆಯಲ್ಲಿ ಹಿಡಿದು ಕುಡಿದೆ.

ಮರುದಿನ ರೈಲಿನಲ್ಲಿ ಭಾಲ್ಕಿ. ಮೂರನೆ ದರ್ಜೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮಾಣಿಕರಾಯರ ಮನೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಅವರ ಹೆಂಡತಿ ಶಾಂತಾಬಾಯಿ ಬಾಗಿಲಲ್ಲೇ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ತಂದಿಟ್ಟರು. ಬಿಸಿಲಲ್ಲಿ ಬಂದವರು ಬರಿಹೊಟ್ಟೆಗೆ ನೀರು ಕುಡಿಯಬಾರದು, ಬೆಲ್ಲ ಕಚ್ಚಿ ಕುಡಿಯಬೇಕೆಂದು ಆ ಸೀಮೆಯ ರೂಢಿ. ಆಮೇಲೆ ಮಾವಿನಕಾಯಿ ಬೇಯಿಸಿ, ಬೆಲ್ಲ ಏಲಕ್ಕಿ ಕದಡಿದ ಪಾನಕ ಬಂತು. ಅದಕ್ಕೆ ಪನ್ಹೆ ಎನ್ನುತ್ತಾರೆ. ಹುಳಿ, ಸಿಹಿ, ತುಸು ಉಪ್ಪು. ಅಷ್ಟು ರುಚಿಯಾದದ್ದನ್ನು ಕುಡಿಯಲು ನನಗೆ ನಾಚಿಕೆಯಾಯಿತು.

ಮಾಣಿಕರಾಯರು ನನ್ನ ಮುಖ ನೋಡುತ್ತಿರಲಿಲ್ಲ. ತಮ್ಮನ ಕೊನೆಯ ಹೊತ್ತಿನಲ್ಲಿ ಇದ್ದಿರೇ ಎಂದು ಕೇಳಿದೆ.

"ಇದ್ದೆ ರಿ. ಇದ್ದೂ ಇರಲಿಲ್ಲ."

"ಬಿಡಿಸಿ ಹೇಳ್ರಿ," ಎಂದರು ಶಾಂತಾಬಾಯಿ. "ಅಷ್ಟು ದೂರಿಂದ ಬಂದಾರ. ಪನ್ಹೆ ಕುಡಿಸಿ ಸಾಗ ಹಾಕ್ತೀರೇನು?"

ರಾಯರು ನಿಧಾನವಾಗಿ ಹೇಳಿದರು. ಜ್ವರ ಬಿಟ್ಟಿರಲಿಲ್ಲ. ಆದರೂ ಆ ಮಧ್ಯಾಹ್ನ ನಂಜುಂಡ ಎದ್ದು, ಊರ ಹೊರಗಿನ ಕೇರಿಯ ಮಕ್ಕಳನ್ನು ಶಾಲೆಗೆ ಕರೆಯಲು ಹೋದ. ಅಲ್ಲೇ ಒಂದು ಬೇವಿನ ಗಿಡದ ಕೆಳಗೆ ಬಿದ್ದ. ಸುದ್ದಿ ಬಂದು ರಾಯರು ಹೋದಾಗ ಕಣ್ಣು ಮೇಲಾಗಿತ್ತು.

"ನೀರು, ನೀರು ಅಂದ. ನೀರು ಅಲ್ಲೇ ಇತ್ತು ರಿ. ಮನಿ ಮನಿಗೂ ಕೊಡ ಇತ್ತು. ಆದ್ರ ನಾ ಏನಂದುಕೊಂಡೆ, ಮಡಿ ಮನಿ ಹುಡುಗ, ಕೊನಿ ಹೊತ್ತಿನಾಗ ಆ ನೀರು ಹ್ಯಾಂಗ ಹಾಕೂದು? ಊರಾಗ ಒಬ್ಬರ ಮನ್ಯಾಗ ಕಾಶಿ ಗಂಗಾದ ಗಿಂಡಿ ಇತ್ತು. ತರ್ತೇನಿ ಅಂತ ಓಡಿದೆ."

ಶಾಂತಾಬಾಯಿ ಮುಗಿಸಿದರು. "ಇವರು ಬರೂದ್ರಾಗ ಸಖೂಬಾಯಿ ನೀರು ಹಾಕಿದ್ದಳು. ಮಾಸ್ತರ ಕಣ್ಣು ಮುಚ್ಚಿದ್ದ. ಗಂಗಿ ತಂದವರು ಇವರು, ಕುಡಿಸಿದಾಕಿ ಆಕಿ. ಆ ಕೇರಿಯಾಕಿ. ಈಗ ಅವರೆಲ್ಲ ಬುದ್ಧನ ಧರ್ಮಕ್ಕ ಹೋಗ್ಯಾರ. ನಿಮಗ ಹೇಳಲಿಕ್ಕಿ ಇವರಿಗಿ ಅಂಜಿಕಿ."

ರಾಯರು ಎದ್ದು ದೇವರ ಕೋಣೆಯಿಂದ ಆ ಗಿಂಡಿಯನ್ನು ತಂದರು. ಕಾಶಿಗೆ ಹೋದವರು ತರುವ, ಬಾಯಿಗೆ ತವರದ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ. ನಮ್ಮ ಅಂಗಡಿಯಲ್ಲೂ ಅಂಥವು ಬಂದುಹೋಗುತ್ತವೆ. ಬೆಸುಗೆ ಹಾಗೇ ಇತ್ತು. "ಗಿಂಡಿ ಕೊಟ್ಟ ಮನಿಯವರು ವಾಪಸ್ ಬ್ಯಾಡ ಅಂದ್ರು. ನನಗ ಒಡಿಯಲಿಕ್ಕಿ ಕೈ ಬರವಲ್ದು. ನಿಮ್ಮ ತಾಯಿಗಿ ಒಯ್ದು ಕೊಡ್ರಿ."

"ನಿಮ್ಮಲ್ಲೇ ಇರಲಿ" ಎಂದೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಓಡುತ್ತಿದ್ದೆ, ಬಹುಶಃ ಅವರಿಗಿಂತ ಜೋರಾಗಿ.

ರಾತ್ರಿ ಬೀದರಕ್ಕೆ ಮರಳಿ, ಬೆಳಿಗ್ಗೆ ಔರಾದಿನ ಬಸ್ಸು ಹಿಡಿದೆ. ಜನವಾಡದಲ್ಲಿ ಬಸ್ಸಿನ ಇಂಜಿನ್ನಿಗೆ ನೀರು ಹಾಕಬೇಕೆಂದು ನಿಲ್ಲಿಸಿದರು. ಆಲದ ನೆರಳಿನಲ್ಲಿ ಅರವಟಿಗೆ, ಮರಳ ಮೇಲೆ ದೊಡ್ಡ ಹರವಿಗಳು. ತೀರಿಹೋದ ತನ್ನ ಹೆಂಡತಿಯ ಹೆಸರಿನಲ್ಲಿ ಒಬ್ಬ ಮುದುಕ ಬೇಸಿಗೆಯುದ್ದಕ್ಕೂ ನೀರು ಕೊಡುತ್ತಿದ್ದ. ನನ್ನ ಮುಂದಿದ್ದವನಿಗೆ ತಂಬಿಗೆಯನ್ನೇ ಕೈಗೆ ಕೊಟ್ಟ. ದೂರ ನಿಂತಿದ್ದ ದಂಪತಿಗಳಿಗೆ ಒಂದು ಸೀಳಿದ ಬಿದಿರಿನ ದೋಣಿಯ ಈ ತುದಿಯಲ್ಲಿ ನೀರು ಸುರಿದ, ಅವರು ಆ ತುದಿಯಲ್ಲಿ ಬೊಗಸೆಯೊಡ್ಡಿ ಕುಡಿದರು. ಹರವಿ ಒಂದೇ, ನೀರು ಒಂದೇ, ಮುದುಕನ ಪ್ರೀತಿಯೂ ಸುಳ್ಳಲ್ಲ. ನಮ್ಮೂರಿನಲ್ಲೂ ಇಂಥದ್ದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಆ ಬಿದಿರಿನ ಉದ್ದ ಎಷ್ಟೆಂದು ಕಣ್ಣಿಗೆ ಬಿದ್ದದ್ದು ಅಂದೇ.

ಮಾಂಜರಾ ಹೊಳೆ ದಾಟಿದೆವು. ಮರಳ ನಡುವೆ ನೀರು ಒಂದು ಸೀರೆಯ ಅಂಚಿನಷ್ಟು ಉಳಿದಿತ್ತು.

ಔರಾದಿನಲ್ಲಿ ಸಖೂಬಾಯಿಯ ಮನೆ ಕೇಳಿದಾಗ ಅಂಗಡಿಯವನೊಬ್ಬ, "ನೀವು ಅಲ್ಲಿಗ್ಯಾಕ ಹೋಗ್ತೀರಿ? ಇಲ್ಲಿಗೇ ಕರಸ್ತೇನಿ" ಎಂದ. ಬೇಡವೆಂದು ನಡೆದೆ. ಬೇವಿನ ಗಿಡ ದೂರದಿಂದಲೇ ಕಂಡಿತು. ಅದರ ಎದುರಿನ ಮಣ್ಣಿನ ಮನೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸು ಅಮ್ಮನ ವಯಸ್ಸಿನವರು, ಅಮ್ಮನಷ್ಟೇ ಸಣ್ಣ ಮೈ. ಮಗ ಭೀಮು ಗೋಡೆಗೆ ಒರಗಿ ಹಗ್ಗ ಹೊಸೆಯುತ್ತಿದ್ದ. ನಾನು ನಂಜುಂಡನ ಅಣ್ಣ ಎಂದೆ. ಸಖೂಬಾಯಿ ಮೊರ ಕೆಳಗಿಟ್ಟು, ಸೆರಗು ಹೊದ್ದು ಎದ್ದು ನಿಂತರು.

"ನಾ ಹಾಕಿದ್ದು ತಪ್ಪಾತೇನ್ರಿ?" ಅದು ಅವರ ಮೊದಲ ಮಾತು. "ನಿಮ್ಮ ತಾಯಿ ಏನಂದರು? ಈ ಊರಾಗ ಕೆಲವರು ಅಂತಾರ, ಆಕಿ ನೀರು ಕುಡದು ಮಾಸ್ತರಗ ಗತಿ ಸಿಗಲಿಲ್ಲಂತ."

"ಯವ್ವಾ, ಮತ್ತ ಅದೇ ಕೇಳ್ತಿ," ಎಂದ ಭೀಮು, ಹಗ್ಗದಿಂದ ಕಣ್ಣೆತ್ತದೆ. "ಅಂವ ನೀರು ಕೇಳಿದ, ನೀ ಕೊಟ್ಟಿ. ಯಾರ ಮುಂದೂ ತಪ್ಪೇನ್ರಿ ಅನ್ನೂದು ಬಿಟ್ಟೀವಿ ಈಗ."

"ನೀ ಬಿಟ್ಟೀಯೋ ಮಾರಾಯ. ಆತಗೂ ಒಬ್ಬಾಕಿ ತಾಯಿ ಇದ್ದಾಳ. ನಾ ಆಕಿಗಿ ಕೇಳಾಕತ್ತೀನಿ, ಊರಿಗಲ್ಲ."

ತಪ್ಪಲ್ಲ ಎಂದು ಹೇಳಬೇಕೆಂದಿದ್ದೆ. ಏನಾಯಿತೆಂದು ಹೇಳಿ ಎಂದಷ್ಟೇ ಕೇಳಿದೆ.

"ಆ ಮಾಸ್ತರ ಓಡಿದ, ಗಂಗಿ ತರ್ತೇನಿ ಅಂತ. ನಾ ಕಾದೆ ರಿ. ಕಾಯಬೇಕಂತಲೇ ಮಾಡಿದ್ದೆ. ಈ ಹುಡುಗನ ತುಟಿ ನೋಡಿದ್ರ ಒಣಗಿ ಬಿರದಾವ. ಆಗ ಕಣ್ಣು ತೆರದ. 'ಅಮ್ಮ' ಅಂದ. ನಮ್ಮಲ್ಲಿ ಹಂಗ ಕರಿಯೂದಿಲ್ಲ. ನಿಮ್ಮ ತಾಯಿಗೇ ಕರದಿದ್ದ, ನನಗೂ ಗೊತ್ತಾತು. ಆದ್ರ ಆಕಿ ಎಲ್ಲಿದ್ದಾಳ? ಕರದಾಗ ಯಾರರೆ ಓ ಅನಬೇಕಲ್ರಿ. ನಾ ಓ ಅಂದೆ. ಓ ಅಂದ ಮ್ಯಾಲ ನೀರು ಹ್ಯಾಂಗ ಕೊಡದೆ ಇರೂದು? ತಲಿ ತೊಡಿ ಮ್ಯಾಲ ಇಟ್ಟುಕೊಂಡೆ. ಸೆರಗು ತೋಯಿಸಿ ತುಟಿ ಒರಸಿದೆ. ಆಮ್ಯಾಲ ಒಂದೊಂದೇ ಗುಟುಕು. ಸಾಕು ಅಂತ ತಾನೇ ಬಾಯಿ ಮುಚ್ಚಿದ. ಅಷ್ಟೇ ರಿ."

ಬೇವಿನ ಎಲೆ ಅಲ್ಲಾಡುತ್ತಿರಲಿಲ್ಲ. ನಾನು ಕಂಡ ಗೋಪುರ, ಝರೆ ಯಾವುದರ ಮುಂದೆಯೂ ನಾನು ಅಷ್ಟು ಸಣ್ಣವನಾಗಿ ನಿಂತಿರಲಿಲ್ಲ. ನೂರಾರು ಮೈಲಿ ಆಚೆಯಲ್ಲಿದ್ದ ತಾಯಿಗೆ ಕೇಳಿಸದ ಕರೆಗೆ ಇಲ್ಲಿ ಒಬ್ಬರು ಓಗೊಟ್ಟಿದ್ದರು.

"ನನಗೂ ನೀರು ಕೊಡಿ" ಎಂದೆ.

ಅವರು ತಂಬಿಗೆ ತುಂಬಿ ತಂದು, ತೋಳಳತೆಯಲ್ಲಿ ನಿಂತು, ನಾನು ಬೊಗಸೆಯೊಡ್ಡಲೆಂದು ಕಾದರು. ಯಾರಿಗೆ ಮೈಲಿಗೆಯಾಗಬಾರದೆಂದು ಯಾರು ದೂರ ನಿಂತಿದ್ದಾರೆ ಎಂದು ನೋಡಿದೆ. ತಂಬಿಗೆಯನ್ನೇ ಈಸಿಕೊಂಡೆ. ನಮ್ಮ ಮನೆಗಳಲ್ಲಿ ಪಾತ್ರೆಗೆ ತುಟಿ ತಾಗಿಸದೆ ಎತ್ತಿ ಕುಡಿಯುವುದು ಪದ್ಧತಿ. ನಾನು ಕಚ್ಚಿ ಕುಡಿದೆ. ಅವಸರಕ್ಕೆ ಅಂಗಿಯೆಲ್ಲ ತೋಯ್ದಿತು.

"ಮೆಲ್ಲಕ್ಕ ರಿ, ಅಣ್ಣಾರ," ಎಂದ ಭೀಮು. "ನೀರು ಎಲ್ಲೂ ಓಡಿ ಹೋಗೂದಿಲ್ಲ." ಅವನು ಮೊದಲ ಸಲ ನಕ್ಕ. ಸಖೂಬಾಯಿ ನಗಲಿಲ್ಲ. ಒಳಗೆ ಹೋಗಿ ಜೋಳದ ಅಂಬಲಿಗೆ ಮಜ್ಜಿಗೆ ಕದಡಿ, ಈರುಳ್ಳಿ ಹೆಚ್ಚಿ ಹಾಕಿ ತಂದರು. "ಇದು ಕುಡೀರಿ. ಸಾಲಿ ಬಿಟ್ಟ ಮ್ಯಾಲ ಈ ಕಡಿ ಬಂದ್ರ ಇದನ್ನ ಕುಡಿದೇ ಹೋಗ್ತಿದ್ದ. ಮಾಣಿಕ ಮಾಸ್ತರಗ ಹೇಳಬ್ಯಾಡವ್ವ ಅಂತಿದ್ದ." ತಮ್ಮ ಇಲ್ಲಿ ಹೊಟ್ಟೆಗೇನು ಮಾಡಿಕೊಳ್ಳುತ್ತಿದ್ದನೋ ಎಂದು ನಾವು ಮನೆಯಲ್ಲಿ ಯೋಚಿಸದ ದಿನವಿರಲಿಲ್ಲ.

ಹೊರಡುವಾಗ ಅವರ ಕಾಲು ಮುಟ್ಟಲು ಬಾಗಿದೆ. ಸಖೂಬಾಯಿ ಹಿಂದೆ ಸರಿದರು. "ನಿಮ್ಮ ತಾಯಿಗಿ ಒಂದ ಮಾತು ಹೇಳ್ರಿ. ನೀರಡಿಸಿ ಹೋಗಲಿಲ್ಲ ಅಂತ."

ನಾಲ್ಕು ದಿನ ಕಳೆದು ಊರು ಸೇರಿದಾಗ ಅಮ್ಮ ಜಗಲಿಯಲ್ಲೇ ಕೂತಿದ್ದರು. ಕೈಕಾಲು ತೊಳೆಯುವ ಮೊದಲೇ ಎಲ್ಲವನ್ನೂ ಹೇಳಿದೆ, ಏನನ್ನೂ ಮುಚ್ಚಲಿಲ್ಲ. ಯಾವ ಕೇರಿ, ಯಾರು, ಯಾರು ಓಡಿದರು, ಯಾರು ಓ ಎಂದರು. ಗಂಗೆಯ ಗಿಂಡಿಯ ಮಾತು ಬಂದಾಗ ಅವರ ಮುಖ ಒಮ್ಮೆ ಅತ್ತ ತಿರುಗಿತು. ನಾನು ಕಾದೆ. ದೇವರ ಮನೆಗೆ ಹೋಗುತ್ತಾರೋ, ತಲೆಗೆ ನೀರು ಹಾಕಿಕೊಳ್ಳುತ್ತಾರೋ, ತಿಳಿಯಲಿಲ್ಲ.

ಅಮ್ಮ ಮತ್ತೆ ನನ್ನ ಕಡೆ ತಿರುಗಿ ಕೇಳಿದರು. "ನೀನೂ ಕುಡಿದ್ಯಾ, ಆಯಮ್ಮನ ಮನೇಲಿ?"

"ಕುಡಿದೆ."

"ಹ್ಯಾಗಿತ್ತು ನೀರು?"

ಸಿಹಿಯಾಗಿತ್ತು ಎನ್ನಬಹುದಿತ್ತು. "ಸ್ವಲ್ಪ ಸವುಳು ಅಮ್ಮ," ಎಂದೆ. "ಆದರೆ ತಣ್ಣಗಿತ್ತು."

"ತಣ್ಣಗಿತ್ತಲ್ಲ," ಎಂದರು ಅಮ್ಮ. "ಸಾಕು ಬಿಡು."